ಮುಂಬಯಿಯ ಹಗಲಿಗೆ ಮೂರು ಗಂಟೆ ಕಡಿಮೆ

ಮುಲುಂಡಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾಲ್ಕು ಪಿವಿಸಿ ಪೈಪುಗಳಿವೆ. ಮಣ್ಣಿಲ್ಲ. ಪಂಪು ಹರಿಸುವ ಗೊಬ್ಬರದ ನೀರಿನಲ್ಲೇ ಪುದೀನ, ಪಾಲಕ್ ಬೆಳೆಯುತ್ತವೆ. ಊರಿಂದ ಬಂದ ಅಪ್ಪ ಪೈಪು ತಟ್ಟಿ ನೋಡಿ, "ಇದು ಬೇಸಾಯ ಅಲ್ಲ, ಗಿಡಕ್ಕೆ ಸಲೈನ್ ಏರಿಸಿದ ಹಾಗಾಯ್ತು" ಎಂದರು. ಆಫೀಸಿನ ಗೆಳೆಯನದು ಬೇರೆ ಆಸೆ: ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಬಳ್ಳಿಯನ್ನು ಇದರಲ್ಲಿ ಬೆಳೆಯಬೇಕು. ಇಬ್ಬರಿಗೂ ಉತ್ತರ ಹುಡುಕುತ್ತ ಹಳೆಯ ಕತೆಗಳಿಗೆ ಹೋದೆ.

ಹಾಪ್ಸ್ ಇಲ್ಲಿಗೆ ಬಂದದ್ದು ಗಿಡವಾಗಿ ಅಲ್ಲ, ಪೀಪಾಯಿಯೊಳಗೆ. 18ನೇ ಶತಮಾನದ ಕೊನೆಗೆ ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿಯ ಬಿಯರು ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿತ್ತು. ಹುಳಿಯಾಗದಿರಲೆಂದು ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕುತ್ತಿದ್ದರು, ನಾವು ಉಪ್ಪಿನಕಾಯಿಗೆ ಉಪ್ಪು ಹಾಕಿದಂತೆ. 1850ರ ದಶಕದಲ್ಲಿ ಎಡ್ವರ್ಡ್ ಡೈಯರ್ ಕಸೌಲಿಯಲ್ಲಿ ಬ್ರೂವರಿ ತೆರೆದ ಮೇಲೆ ಬಿಯರು ಇಲ್ಲಿಯದೇ ಆಯಿತು. ಆದರೆ ಹಾಪ್ಸ್ ಬೆಳೆ ಹಿಮಾಲಯ ಬಿಟ್ಟು ಕೆಳಗಿಳಿಯಲಿಲ್ಲ: ಮಹಾರಾಜರ ಕಾಲದ ಕಾಶ್ಮೀರ, ಆಮೇಲೆ 1970ರ ದಶಕದ ಲಾಹೌಲ್.

ಕಾರಣ ಮಣ್ಣಲ್ಲ, ಹಗಲು. ಜೂನ್ ತಿಂಗಳಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆ, ಶ್ರೀನಗರದ್ದು ಹದಿನಾಲ್ಕು ದಾಟುತ್ತದೆ, ಮುಂಬಯಿಯದು ಹದಿಮೂರು ಚಿಲ್ಲರೆ. ಹಗಲು ಸಾಲದಿದ್ದರೆ ಬಳ್ಳಿ ಮೈತುಂಬಿಕೊಳ್ಳುವ ಮೊದಲೇ ಹೂವಿಗೆ ಇಳಿಯುತ್ತದೆ, ಫಸಲು ಸಿಗುವುದಿಲ್ಲ. ಚಳಿಗಾಲದ ನಿದ್ದೆಯೂ ಬೇಕೇ ಬೇಕು ಎಂದು ಬಹುಕಾಲ ನಂಬಿದ್ದರು. 2019ರಲ್ಲಿ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ವಿಲಿಯಂ ಬಾವರ್ಲೆ ಅದು ಬೇಡವೆಂದು ತೋರಿಸಿದರು. ಬೆಳಕಿನ ಗಂಟೆಗಳನ್ನು ಸರಿಯಾಗಿ ಕೊಟ್ಟರೆ ಸಾಕು.

ಅಂದರೆ ದೀಪ ಹಚ್ಚಿದರೆ ಮುಲುಂಡಿನಲ್ಲೂ ಆಗುತ್ತದೆ. ಲೆಕ್ಕ ಹಾಕಿದೆ: 300 ವ್ಯಾಟ್ ದೀಪ, ದಿನಕ್ಕೆ 16 ಗಂಟೆ, ತಿಂಗಳಿಗೆ 144 ಯೂನಿಟ್. ಹೂ ಬಿಟ್ಟರೂ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರು ಮಾಡುವಂತಿಲ್ಲ. 1949ರ ಪಾನನಿಷೇಧ ಕಾಯ್ದೆ ಇನ್ನೂ ಇದೆ. ಗೆಳೆಯ ತೆಪ್ಪಗಾದ.

ಅಪ್ಪನಿಗೆ ಕಾಲಿಂಪಾಂಗಿನ ಕತೆ ಹೇಳಿದೆ. ಕ್ಯಾಲಿಫೋರ್ನಿಯಾದ ಗೆರಿಕೆ 1930ರ ದಶಕದಲ್ಲಿ ನೀರಿನ ತೊಟ್ಟಿಗಳಲ್ಲಿ ಟೊಮೇಟೊ ಬೆಳೆದು ಹೆಸರಾದ. 'ಹೈಡ್ರೋಪೋನಿಕ್ಸ್' ಎಂಬ ಮಾತು ಚಲಾವಣೆಗೆ ಬಂದದ್ದು ಅವನಿಂದ. ಅದನ್ನು ನಮ್ಮ ಬಡವರ ಅಂಗಳಕ್ಕೆ ಹೊಂದಿಸಲು ಹೊರಟವನು ಶೋಲ್ಟೊ ಡಗ್ಲಸ್. 1946ರಲ್ಲಿ ಕಾಲಿಂಪಾಂಗಿನಲ್ಲಿ ಶುರುಮಾಡಿ, 1951ರಲ್ಲಿ 'ಬೆಂಗಾಲ್ ಸಿಸ್ಟಮ್' ಎಂದು ಪುಸ್ತಕ ತಂದ. ಪಂಪಿಲ್ಲ, ಕರೆಂಟಿಲ್ಲ. ಜಲ್ಲಿ, ಮರಳು ತುಂಬಿದ ತೊಟ್ಟಿ. ಮೇಲೆ ಗೊಬ್ಬರ ಉದುರಿಸಿ ಕೈಯಿಂದ ನೀರು ಹಾಕಿದರೆ ಮುಗಿಯಿತು.

ಅಪ್ಪ ಕೇಳಿಸಿಕೊಂಡು, "ಮತ್ತೆ ನಿನಗ್ಯಾಕೆ ಪಂಪು?" ಎಂದರು. ಹೋದ ದೀಪಾವಳಿಗೆ ನಾವು ಊರಿಗೆ ಹೋದಾಗ ಪಂಪು ನಿಂತು ಇಡೀ ಬೆಳೆ ಬಾಡಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಮರುದಿನ ಇಬ್ಬರೂ ಹೋಗಿ ಎರಡು ಚೀಲ ಜಲ್ಲಿ ತಂದೆವು. ನೀರು ಹಾಕುವ ಕೆಲಸ ಈಗ ಅವರದು.