ಚುಕ್ಕೆ ಗೆರೆಯ ನದಿ

ಜೂನ್ ತಿಂಗಳು ಬಂತೆಂದರೆ ಒಂಟಾರಿಯೋದ ನಮ್ಮ ಕನ್ನಡ ಕುಟುಂಬಗಳಲ್ಲಿ ಕೆಲವಾದರೂ ಅಲ್ಗೊಂಕ್ವಿನ್ ಉದ್ಯಾನದ ದೋಣಿಮಾರ್ಗಗಳ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತವೆ. 1893ರಲ್ಲಿ ಸ್ಥಾಪಿತವಾದ ಆ ಉದ್ಯಾನದಲ್ಲಿ 2000 ಕಿಲೋಮೀಟರಿಗೂ ಹೆಚ್ಚು ಉದ್ದದ ಜಲಮಾರ್ಗಗಳಿವೆ. ಒಂದು ಸರೋವರದಿಂದ ಇನ್ನೊಂದಕ್ಕೆ ಕ್ಯಾನೂ ದೋಣಿಯನ್ನು ಹೊತ್ತು ನಡೆಯಬೇಕಾದ ಹಾದಿಗೆ ಇಲ್ಲಿ ಪೋರ್ಟೇಜ್ ಎಂಬ ಹೆಸರು. ಪ್ರತಿಯೊಂದು ಪೋರ್ಟೇಜಿನ ಉದ್ದವೂ ನಕ್ಷೆಯಲ್ಲಿ ಮೀಟರುಗಳ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಗೆರೆಯ ಮೇಲೆ ಬೆರಳಿಟ್ಟು, ಮೊದಲ ರಾತ್ರಿ ಇಲ್ಲಿ, ಎರಡನೆಯ ರಾತ್ರಿ ಅಲ್ಲಿ ಎಂದು ನಾವು ನಿಶ್ಚಿಂತೆಯಿಂದ ಹೇಳಿಬಿಡುತ್ತೇವೆ. ಆ ಗೆರೆಯನ್ನು ಎಳೆದವರು ಯಾರು, ಯಾರ ಮಾತನ್ನು ಕೇಳಿ ಎಳೆದರು ಎಂಬ ಪ್ರಶ್ನೆ ನಮಗೆ ಏಳುವುದಿಲ್ಲ. ಆ ಪ್ರಶ್ನೆಗೆ ಒಂದು ಜೀವವೇ ಬೆಲೆಯಾಗಿ ಸಂದ ಪ್ರಸಂಗವೊಂದು ಕೆನಡಾದ ಪೂರ್ವದಂಚಿನ ಲ್ಯಾಬ್ರಡಾರಿನಲ್ಲಿ ನಡೆದಿದೆ.

1903ರಲ್ಲಿ ನ್ಯೂಯಾರ್ಕಿನ 'ಔಟಿಂಗ್' ಪತ್ರಿಕೆಯ ಸಹಾಯಕ ಸಂಪಾದಕ ಲಿಯೋನಿಡಸ್ ಹಬರ್ಡ್ ಎಂಬ ಮೂವತ್ತೊಂದರ ತರುಣ ಲ್ಯಾಬ್ರಡಾರಿನ ಒಳನಾಡನ್ನು ದೋಣಿಯಲ್ಲಿ ದಾಟಲು ಹೊರಟ. ಜೊತೆಗೆ ವಕೀಲ ಮಿತ್ರ ಡಿಲ್ಲನ್ ವಾಲೇಸ್ ಮತ್ತು ಜೇಮ್ಸ್ ಕೊಲ್ಲಿಯ ಕಡೆಯ, ಕ್ರೀ ಮತ್ತು ಸ್ಕಾಟಿಷ್ ಮೂಲದ ಜಾರ್ಜ್ ಎಲ್ಸನ್. ಮೂವರಿಗೆ ಒಂದೇ ದೋಣಿ. ಅವರ ಕೈಯಲ್ಲಿದ್ದದ್ದು ಕೆನಡಾದ ಭೂವಿಜ್ಞಾನ ಸಮೀಕ್ಷೆಯ ಎ. ಪಿ. ಲೋ ಅವರ ನಕ್ಷೆ. ಲೋ ಸಾಮಾನ್ಯ ವ್ಯಕ್ತಿಯಲ್ಲ. ಲ್ಯಾಬ್ರಡಾರಿನ ಬಹುಭಾಗವನ್ನು ಸ್ವತಃ ನಡೆದು, ಹುಟ್ಟುಹಾಕಿ ಅಳೆದವರು. ಆದರೆ ಗ್ರಾಂಡ್ ಲೇಕ್‌ನಿಂದ ಮಿಚಿಕಮಾವ್ ಮಹಾಸರೋವರದವರೆಗಿನ ಭಾಗಕ್ಕೆ ಅವರು ಹೋಗಿರಲಿಲ್ಲ. ಅಲ್ಲಿ ಅನ್ಯರಿಂದ ಕೇಳಿದ್ದನ್ನು ಆಧರಿಸಿ ಚುಕ್ಕೆ ಗೆರೆಯಲ್ಲಿ ಒಂದು ನದಿಯನ್ನು ತೋರಿಸಿದ್ದರು. ಚುಕ್ಕೆಯೆಂದರೆ 'ನಾನು ಕಂಡದ್ದಲ್ಲ' ಎಂದೇ ಅರ್ಥ. ನಮ್ಮ ಅಭಿಪ್ರಾಯದಲ್ಲಿ ನಕ್ಷೆ ಸುಳ್ಳು ಹೇಳಲಿಲ್ಲ. ಓದಿದವರು ಚುಕ್ಕೆಗಳ ನಡುವಿನ ಖಾಲಿ ಜಾಗವನ್ನು ತಾವೇ ತುಂಬಿಕೊಂಡರು.

ಸರೋವರಕ್ಕೆ ಬಂದು ಸೇರುತ್ತಿದ್ದದ್ದು ಒಂದು ನದಿಯಲ್ಲ, ಹಲವು. ಅವರಿಗೆ ಬೇಕಿದ್ದ ನಾಸ್ಕಾಪಿ ನದಿಯ ಬಾಯಿ ದ್ವೀಪವೊಂದರ ಮರೆಯಲ್ಲಿತ್ತು. ಅದನ್ನು ದಾಟಿ ಮುಂದೆ ಹೋದವರು ಸರೋವರದ ತುದಿಯಲ್ಲಿ ಸೂಸನ್ ಎಂಬ ಚಿಕ್ಕ ತೊರೆಯನ್ನು ಹಿಡಿದರು. ಆ ಪ್ರದೇಶದಲ್ಲಿ ಓಡಾಡಿ ಬಲ್ಲವರು ಯಾರೂ ಅವರ ದೋಣಿಯಲ್ಲಿರಲಿಲ್ಲ. ಬೇಸಿಗೆಯೆಲ್ಲ ಕಲ್ಲು, ಪೊದೆ, ಸೊಳ್ಳೆಗಳ ನಡುವೆ ದೋಣಿಯನ್ನು ಎಳೆಯುವುದರಲ್ಲಿ ಕಳೆಯಿತು. ಸೆಪ್ಟೆಂಬರಿನಲ್ಲಿ ಬೆಟ್ಟವೊಂದರ ಮೇಲಿಂದ ಮಿಚಿಕಮಾವ್ ದೂರದಲ್ಲಿ ಕಂಡಿತು, ಅಲ್ಲಿಗೆ ಮುಟ್ಟಲಾಗಲಿಲ್ಲ. ಎಡೆಬಿಡದ ಗಾಳಿ ಅವರನ್ನು ಕಟ್ಟಿಹಾಕಿತು. ಹಿಂದಿರುಗುವ ನಿರ್ಧಾರ ಮಾಡುವಷ್ಟರಲ್ಲಿ ಬುತ್ತಿ ಬರಿದಾಗಿತ್ತು. ಅಕ್ಟೋಬರ್ 18ರಂದು ಮೇಲೇಳಲಾರದ ಹಬರ್ಡನನ್ನು ಗುಡಾರದಲ್ಲಿ ಬಿಟ್ಟು, ಹೋಗುವಾಗ ಎಸೆದಿದ್ದ ಬೂಷ್ಟು ಹಿಡಿದ ಹಿಟ್ಟನ್ನು ಹುಡುಕಲು ಉಳಿದಿಬ್ಬರು ಹೊರಟರು. ಅವನ ದಿನಚರಿಯ ಕೊನೆಯ ಬರಹ ಆ ದಿನದ್ದೇ. ಎಲ್ಸನ್ ಹಿಮದಲ್ಲಿ ತೆವಳುತ್ತ ಬೇಟೆಗಾರರ ಮನೆ ಮುಟ್ಟಿದ್ದರಿಂದ ವಾಲೇಸ್ ಬದುಕಿದ. ಹಬರ್ಡನಿಗೆ ನೆರವು ತಡವಾಯಿತು.

ಹಬರ್ಡನ ಪತ್ನಿ ಮೀನಾ ಒಂಟಾರಿಯೋದ ಬ್ಯೂಡ್ಲಿ ಎಂಬ ಹಳ್ಳಿಯವಳು, ತರಬೇತಿ ಪಡೆದ ದಾದಿ. ನ್ಯೂಯಾರ್ಕಿನಲ್ಲಿ ಹಬರ್ಡ್ ವಿಷಮಶೀತ ಜ್ವರದಿಂದ ಮಲಗಿದ್ದಾಗ ಆರೈಕೆ ಮಾಡಿದವಳು ಅವಳೇ. 1905ರಲ್ಲಿ ವಾಲೇಸ್ ತಮ್ಮ ಪ್ರಯಾಣದ ಪುಸ್ತಕವನ್ನು ಪ್ರಕಟಿಸಿದಾಗ ತನ್ನ ಗಂಡನನ್ನು ಕುಂದಿಸಿ ಚಿತ್ರಿಸಲಾಗಿದೆಯೆಂದು ಅವಳು ನೊಂದಳು. ಅದೇ ಬೇಸಿಗೆ ತಾನೇ ಆ ಪ್ರಯಾಣವನ್ನು ಮುಗಿಸುವುದಾಗಿ ಹೊರಟಳು. ವಾಲೇಸನೂ ಬೇರೊಂದು ತಂಡ ಕಟ್ಟಿಕೊಂಡು ಹೊರಟ. ಪತ್ರಿಕೆಗಳು ಇದನ್ನು ಸ್ಪರ್ಧೆಯೆಂದು ಬಣ್ಣಿಸಿದವು. ಆ ಜಗಳದ ವಿವರ ನಮಗೆ ಅಷ್ಟು ಮುಖ್ಯವೆನಿಸುವುದಿಲ್ಲ.

ಮುಖ್ಯವಾದದ್ದು ಅವಳ ಸಿದ್ಧತೆ. ದೋಣಿಗಳು ಎರಡು. ಜಾರ್ಜ್ ಎಲ್ಸನ್, ಜೋಸೆಫ್ ಇಸರ್ಹಾಫ್, ಜಾಬ್ ಚೇಪೀಸ್ ಇವರೆಲ್ಲ ನದಿಯಲ್ಲೇ ಬೆಳೆದವರು. ನಾಲ್ಕನೆಯವನು ಗಿಲ್ಬರ್ಟ್ ಬ್ಲೇಕ್, 1903ರಲ್ಲಿ ವಾಲೇಸನನ್ನು ಹುಡುಕಿ ತಂದವರಲ್ಲೊಬ್ಬ, ನಾಸ್ಕಾಪಿಯ ಮೇಲೆ ಸೀಲ್ ಲೇಕ್‌ವರೆಗೆ ತುಪ್ಪಳದ ಬೇಟೆಗೆ ಹೋಗಿ ಬಂದ ಹುಡುಗ. ಚುಕ್ಕೆ ಗೆರೆಯ ಮೊದಲ ಭಾಗವನ್ನು ಕಣ್ಣಾರೆ ಕಂಡವನು ಈಗ ದೋಣಿಯಲ್ಲೇ ಕುಳಿತಿದ್ದ. ಬುತ್ತಿ 750 ಪೌಂಡು, ಅದರಲ್ಲಿ ಹಿಟ್ಟೇ 392 ಪೌಂಡು. ಪ್ರಯಾಣದ ಕೊನೆಗೆ 105 ಪೌಂಡು ಹಿಟ್ಟು ಉಳಿದಿತ್ತೆಂದು ಅವಳು ಬರೆದಿದ್ದಾಳೆ. ವೈದ್ಯವೃತ್ತಿಯ ಚಟದಿಂದ ನಾವು ಲೆಕ್ಕ ಹಾಕಿ ನೋಡಿದೆವು: ಐದು ಜನ, ಎರಡು ತಿಂಗಳು, ತಲೆಗೆ ದಿನಕ್ಕೆ ಸುಮಾರು 420 ಗ್ರಾಂ ಹಿಟ್ಟು, ಎಂದರೆ ಸರಿಸುಮಾರು 1500 ಕ್ಯಾಲೊರಿ. ದೋಣಿ ಹೊರುವ ಗಂಡಾಳಿಗೆ ಇದು ಅರ್ಧ ಹೊಟ್ಟೆಯೂ ಅಲ್ಲ. ಆದರೆ ಬೇಟೆ, ಮೀನು ಸಿಗದ ದಿನ ಮನುಷ್ಯ ಕುಸಿದು ಬೀಳದಂತೆ ಹಿಡಿದು ನಿಲ್ಲಿಸಲು ಸಾಕು. ಹಸಿವನ್ನು ರೋಗಿಯ ಮಂಚದ ಪಕ್ಕದಲ್ಲಿ ನಿಂತು ಕಂಡಿದ್ದವಳ ಲೆಕ್ಕ ಇದು ಎಂದು ನಮಗೆ ತೋರುತ್ತದೆ.

1905ರ ಜೂನ್ 27ರಂದು ನಾರ್ತ್ ವೆಸ್ಟ್ ರಿವರ್ ಕೋಠಿಯಿಂದ ಹೊರಟು ಆಗಸ್ಟ್ 27ರಂದು ಉಂಗಾವಾ ಕೊಲ್ಲಿಯ ಬಳಿಯ ಕೋಠಿಯನ್ನು ಅವರು ತಲುಪಿದರು. 576 ಮೈಲಿ, ನಿಜವಾಗಿ ನಡೆದದ್ದು 43 ದಿನ. ವಾಲೇಸ್ ಬಂದದ್ದು ಅಕ್ಟೋಬರಿನಲ್ಲಿ. ದಾರಿಯುದ್ದಕ್ಕೂ ಮೀನಾ ಸೆಕ್ಸ್‌ಟೆಂಟ್ ಹಿಡಿದು ಸೂರ್ಯನ ಎತ್ತರವನ್ನು ಅಳೆದು ನಾಸ್ಕಾಪಿ ಮತ್ತು ಜಾರ್ಜ್ ನದಿಗಳ ನಕ್ಷೆಯನ್ನು ಸಿದ್ಧಪಡಿಸಿದಳು. ಜಾರ್ಜ್ ನದಿಯ ದಡದಲ್ಲಿ ಇನ್ನು ಎಷ್ಟು ದೂರವೆಂದು ಕೇಳಿದಾಗ ಅಲ್ಲಿಯ ಇನ್ನು ಜನ ಮೈಲಿಯಲ್ಲಿ ಉತ್ತರಿಸಲಿಲ್ಲ. ಬೇಗ ಹೋದರೆ ಐದು ಸಲ ಮಲಗುತ್ತೀರಿ ಎಂದರು. ತುಪ್ಪಳ ವ್ಯಾಪಾರದ ಕಾಲದ ದೋಣಿಗಾರರು ಒಂದು ಪೈಪು ಹೊಗೆಸೊಪ್ಪು ಸೇದುವ ಸಮಯದಿಂದ ದೂರವನ್ನು ಅಳೆಯುತ್ತಿದ್ದರಂತೆ. ಹರದಾರಿಯ ಲೆಕ್ಕದಲ್ಲಿ ಊರು ಸುತ್ತಿದ ನಮ್ಮ ಅಜ್ಜಂದಿರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ.

ಇಂದಿನ ಮಾರ್ಗದರ್ಶಿ ಪುಸ್ತಕಗಳ ಬೇರು ಇಂಥ ಪ್ರಯಾಣಗಳಲ್ಲಿದೆ. 1969ರಲ್ಲಿ ಎರಿಕ್ ಮೋರ್ಸ್ ಕೆನಡಾದ ತುಪ್ಪಳ ವ್ಯಾಪಾರದ ಹಳೆಯ ದೋಣಿಮಾರ್ಗಗಳನ್ನು, ತಾವೇ ಹುಟ್ಟುಹಾಕಿ ನೋಡಿದ ಅನುಭವದೊಂದಿಗೆ, ಪುಸ್ತಕವಾಗಿಸಿದರು. 1970ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯೇ ತರುಣರ ತಂಡಗಳನ್ನು ಕಾಡುನದಿಗಳಿಗೆ ಕಳಿಸಿ ಸಮೀಕ್ಷೆ ಮಾಡಿಸಿತು. ಇವುಗಳಲ್ಲಿ ಗುರುತಾದ ಪೋರ್ಟೇಜುಗಳಲ್ಲಿ ಬಹಳಷ್ಟು, ಅಚ್ಚಿನ ಮೊಳೆಗಳು ಈ ನಾಡಿಗೆ ಬರುವ ಮೊದಲೇ ಮೂಲನಿವಾಸಿಗಳ ಕಾಲಿನಿಂದ ಸವೆದ ಹಾದಿಗಳು.

ಮೀನಾ ನಕ್ಷೆಯನ್ನೇ ಹಿಡಿದು ಇಂದು ಯಾರಾದರೂ ಹೊರಟರೆ ಮಿಚಿಕಮಾವ್ ಸಿಗುವುದಿಲ್ಲ. ಚರ್ಚಿಲ್ ಜಲಪಾತದ ವಿದ್ಯುತ್ ಯೋಜನೆಗಾಗಿ 1970ರ ದಶಕದ ಆರಂಭದಲ್ಲಿ ನಾಸ್ಕಾಪಿಯ ಮೇಲಣ ನೀರನ್ನು ತಿರುಗಿಸಲಾಯಿತು. ಸರೋವರವೂ ಅದರ ಸುತ್ತಲಿನ ಇನ್ನು ಜನರ ಬೇಟೆಯ ನೆಲವೂ ಸ್ಮಾಲ್‌ವುಡ್ ಜಲಾಶಯದ ಅಡಿಗೆ ಹೋದವು. ಗಂಡ ಬೆಟ್ಟದ ಮೇಲಿಂದ ದೂರದಲ್ಲಿ ಕಂಡು ಹಿಂದಿರುಗಿದ, ಹೆಂಡತಿ ದೋಣಿಯಲ್ಲಿ ದಾಟಿದ ಆ ನೀರು ಈಗ ವಿದ್ಯುತ್ತಾಗಿ ದಕ್ಷಿಣಕ್ಕೆ ಹರಿಯುತ್ತಿದೆ.