ಹಯಾ ಬೇರೆ, ಮೌನ ಬೇರೆ

ಲೈಂಗಿಕತೆಯ ಮಾತು ಬಂದೊಡನೆ ನಾವು ದನಿ ತಗ್ಗಿಸುತ್ತೇವೆ. ಮಕ್ಕಳು ಏನಾದರೂ ಕೇಳಿದರೆ ಗದರಿಸಿ ಬಾಯಿ ಮುಚ್ಚಿಸುತ್ತೇವೆ. ಇದೇ ಹಯಾ, ಇದೇ ಹಿರಿಯರಿಂದ ಬಂದ ಸಂಸ್ಕಾರ ಎಂದು ನಂಬಿದ್ದೇವೆ. ಆದರೆ ನಮ್ಮ ಹಿರಿಯರು ನಿಜಕ್ಕೂ ಇಷ್ಟು ಮೌನಿಗಳಾಗಿದ್ದರೇ?

ಮದೀನಾದ ಅನ್ಸಾರಿ ಮಹಿಳೆಯರು ಮುಟ್ಟು, ಶುದ್ಧಿಸ್ನಾನದಂಥ ವಿಷಯಗಳನ್ನು ಪ್ರವಾದಿವರ್ಯರ(ಸ) ಬಳಿಯೇ ಕೇಳಿ ತಿಳಿದುಕೊಳ್ಳುತ್ತಿದ್ದರು. ಧರ್ಮವನ್ನು ಅರಿಯಲು ನಾಚಿಕೆ ಅವರಿಗೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಮೆಚ್ಚಿ ನುಡಿದಿದ್ದರು. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದ ವಿವಾಹದ ಅಧ್ಯಾಯದಲ್ಲಿ ಪತ್ನಿಯ ತೃಪ್ತಿಯನ್ನು ಪತಿ ಗಮನಿಸಬೇಕೆಂದು ಬರೆದರು. ಗರ್ಭಧಾರಣೆ ತಡೆಯುವ ಬಗೆಗೂ ಚರ್ಚಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಹಿಶ್ತೀ ಝೇವರ್' ಬಂತು. ಮದುಮಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದ ಆ ಉರ್ದು ಪುಸ್ತಕದಲ್ಲಿ ಹೆಣ್ಣಿನ ದೇಹಕ್ಕೆ ಸಂಬಂಧಿಸಿದ ಮಸ್ಅಲಾಗಳು ಮರೆಮಾಚಿಲ್ಲದೆ ಇವೆ.

ಅಂದರೆ ಮಾತು ಇತ್ತು. ಆದರೆ ಹೆಣ್ಣೇ ತನ್ನ ನೋವನ್ನು ಹೇಳತೊಡಗಿದಾಗ ಸಮಾಜ ಕೆರಳಿತು. 1932ರ ಕೊನೆಯಲ್ಲಿ ಲಕ್ನೋದಲ್ಲಿ 'ಅಂಗಾರೆ' ಸಂಕಲನ ಪ್ರಕಟವಾಯಿತು. ಅದರ ನಾಲ್ವರು ಲೇಖಕರಲ್ಲಿ ಡಾ. ರಶೀದ್ ಜಹಾನ್ ಒಬ್ಬರೇ ಮಹಿಳೆ. ಮೇಲಿಂದ ಮೇಲೆ ಬಸಿರಾಗಿ ಬಳಲಿದ ಹೆಣ್ಣಿನ ಸಂಕಟವನ್ನು ಅವರು ತಮ್ಮ ನಾಟಕದಲ್ಲಿ ಪರದೆಯ ಹಿಂದಿನಿಂದ ಹೊರತಂದರು. ಅವರಿಗೆ ಬೆದರಿಕೆಗಳು ಬಂದವು. 1933ರ ಮಾರ್ಚ್‌ನಲ್ಲಿ, ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂಬ ಕಾರಣದಿಂದ, ಸರಕಾರ ಇಡೀ ಸಂಕಲನವನ್ನೇ ನಿಷೇಧಿಸಿತು. ಅವರಿಂದ ಸ್ಫೂರ್ತಿ ಪಡೆದ ಇಸ್ಮತ್ ಚುಗ್ತಾಯಿ 1942ರಲ್ಲಿ 'ಲಿಹಾಫ್' ಬರೆದು, ಅಶ್ಲೀಲತೆಯ ಆರೋಪದ ಮೇಲೆ ಲಾಹೋರಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕಥೆಯಲ್ಲಿ ಅಶ್ಲೀಲವಾದ ಒಂದು ಪದವನ್ನೂ ತೋರಿಸಲಾಗದೆ ಮೊಕದ್ದಮೆ ಬಿದ್ದುಹೋಯಿತು.

ನಮ್ಮ ನಾಡಿನ ಕಥೆಯೂ ವಿಚಿತ್ರವೇ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದು ಜಗತ್ತಿಗೆ ಮೇಲ್ಪಂಕ್ತಿ ಹಾಕಿತ್ತು. ಮುಂದೆ ವೈದ್ಯೆ, ಕಾದಂಬರಿಗಾರ್ತಿ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಿಂದ ಕನ್ನಡದ ಮನೆಮನೆಗೂ ಈ ತಿಳಿವಳಿಕೆಯನ್ನು ಮುಟ್ಟಿಸಿದರು. ಅದೇ ಕರ್ನಾಟಕದಲ್ಲಿ 2007ರಲ್ಲಿ ಶಾಲೆಗಳ ಲೈಂಗಿಕ ಶಿಕ್ಷಣಕ್ಕೆ ತಡೆ ಬಿತ್ತು. ಸಂಸ್ಕೃತಿ ಕೆಡುತ್ತದೆ ಎಂಬ ಕೂಗಿನಲ್ಲಿ ಎಲ್ಲ ಧರ್ಮದವರ ದನಿಯೂ ಸೇರಿತ್ತು.

ಅದೇ ವರ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಧ್ಯಯನವೊಂದು ಹೊರಬಂತು. 13 ರಾಜ್ಯಗಳಲ್ಲಿ ಮಾತನಾಡಿಸಿದ 12 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಶೇ. 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಆದರೆ ಏನಾಯಿತೆಂದು ಹೇಳಲು ಮಗುವಿಗೆ ಮಾತೇ ಇಲ್ಲದಿದ್ದರೆ ಕಾಯ್ದೆಯ ಬಾಗಿಲನ್ನು ಅದು ತಟ್ಟುವುದಾದರೂ ಹೇಗೆ?

ಇಂದು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ನಾವು ಹೇಳದ್ದನ್ನು ಅದು ವಿಕಾರವಾಗಿ ಹೇಳುತ್ತದೆ. ಹಯಾ ಎಂಬುದು ಮಾತಿನ ಘನತೆ, ನಡತೆಯ ಸಂಯಮ. ಆ ಘನತೆಯಿಂದಲೇ ಮಕ್ಕಳ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಸಿಗಬೇಕು. ಮದರಸಾ, ಶಾಲೆಗಳಲ್ಲೂ ಸಿಗಬೇಕು. ಮದೀನಾದ ಆ ಮಹಿಳೆಯರು ಕೇಳಲು ಹಿಂಜರಿಯಲಿಲ್ಲ. ಹೇಳಲು ನಾವೇಕೆ ಹಿಂಜರಿಯಬೇಕು?