ಒಂದು ಅಚ್ಚು, ಎರಡು ಗಾಲಿ: ಡಿಫ್ ಲಾಕಿನ ಕಥೆ



ತಾಳವಾಡಿಯ ಕಡೆಯವರಿಗೆ ದಿಂಬಂ ಘಾಟಿಯ ವಿಚಾರ ಹೊಸದಾಗಿ ಹೇಳಬೇಕಾಗಿಲ್ಲ. 27 ಹೇರ್‌ಪಿನ್ ತಿರುವುಗಳ ದಾರಿ ಅದು. ವಯನಾಡಿನವರಿಗೆ ತಾಮರಶ್ಶೇರಿ ಚುರದ 9 ತಿರುವುಗಳು, ನೀಲಗಿರಿಯವರಿಗೆ ಕಲ್ಲಟ್ಟಿಯ 36 ತಿರುವುಗಳು ಅಷ್ಟೇ ಚೆನ್ನಾಗಿ ಗೊತ್ತು. ಮಳೆಗಾಲದ ಒಂದು ಸಂಜೆ ಇಂಥ ದಾರಿಯಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತೆಂದರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಆಗ ಎಲ್ಲರೂ ದಾರಿ ಕಾಯುವುದು ಒಂದೇ ಗಾಡಿಗಾಗಿ. ಬೆನ್ನ ಮೇಲೆ ಕ್ರೇನಿನ ತೋಳು, ಸರಪಳಿ, ಕೊಕ್ಕೆ ಹೊತ್ತು ಬರುವ ರಿಕವರಿ ಗಾಡಿಗಾಗಿ.

ಹೆದ್ದಾರಿಯ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡ ಯುವಕರು ಹಳೆಯ ಲಾರಿಯೊಂದನ್ನು ಕೊಂಡು ಇಂಥ ಗಾಡಿ ಮಾಡಿಸಿಕೊಳ್ಳುವುದುಂಟು. ಆಗ ಒಂದು ಪ್ರಶ್ನೆ ಬರುತ್ತದೆ: "ಅಣ್ಣಾ, ಹಿಂದಿನ ಅಚ್ಚಿಗೆ ಲಾಕ್ ಹಾಕಿಸಬೇಕೇ? ಹಾಕಿಸುವುದಾದರೆ ಯಾವುದು?" ಪ್ರಶ್ನೆ ಚಿಕ್ಕದು. ಆದರೆ ಅದರ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆ ಇದೆ. ಉತ್ತರ ತಪ್ಪಿದರೆ ಹಣವೂ ಹೋದೀತು, ಪ್ರಾಣವೂ ಹೋದೀತು. ಆ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಕಣಕ್ಕೆ ಹೋಗೋಣ. ಅಕ್ಕಲಕೋಟೆ, ಜತ್ತ ಕಡೆಯ ಹಿರಿಯರು ಹಂತಿ ಹೊಡೆಯುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ನಡುವೆ ಮೇಟಿ, ಅದರ ಸುತ್ತ ಒಂದೇ ಸಾಲಿನಲ್ಲಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಸಣ್ಣ ಹೆಜ್ಜೆ ಹಾಕುತ್ತದೆ. ಹೊರ ತುದಿಯ ಎತ್ತು ಬಿರುಸಾಗಿ ನಡೆಯಬೇಕು. ಎಲ್ಲವೂ ಒಂದೇ ಅಳತೆಯ ಹೆಜ್ಜೆ ಹಾಕಬೇಕೆಂದು ನೀವು ಹಟ ಹಿಡಿದರೆ ಕೊರಳ ಹಗ್ಗ ಹರಿಯುತ್ತದೆ, ಕಣ ಕೆಡುತ್ತದೆ.

ಗಾಡಿಯ ಗಾಲಿಗಳ ಕಥೆಯೂ ಇದೇ. ಎರಡು ಹಿಂಗಾಲಿಗಳ ನಡುವೆ 1.8 ಮೀಟರ್ ಅಂತರವಿದೆ ಎಂದುಕೊಳ್ಳಿ. ಗಾಡಿ ಅರ್ಧ ವೃತ್ತ ತಿರುಗುವಷ್ಟರಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು ಐದೂವರೆ ಮೀಟರ್ ಹೆಚ್ಚು ಉರುಳಬೇಕು. ತಿರುವು ಅಗಲವಿರಲಿ, ಕಿರಿದಿರಲಿ, ಲೆಕ್ಕ ಇಷ್ಟೇ. ದಿಂಬಂನ 27 ತಿರುವುಗಳೂ ಪೂರ್ತಿ ಅರ್ಧ ವೃತ್ತಗಳೆಂದು ಹಿಡಿದರೆ, ಎರಡೂ ಗಾಲಿಗಳನ್ನು ಒಂದಕ್ಕೊಂದು ಬಿಗಿದುಹಾಕಿದ ಗಾಡಿ ಒಟ್ಟು ಸುಮಾರು 150 ಮೀಟರಿನಷ್ಟು ದೂರದ ವ್ಯತ್ಯಾಸವನ್ನು ಟೈರು ಉಜ್ಜಿಯೇ ತುಂಬಿಸಿಕೊಳ್ಳಬೇಕು.

ಎತ್ತಿನ ಗಾಡಿಗೆ ಈ ತೊಡಕಿಲ್ಲ. ಅದರ ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ, ಎಳೆಯುವ ಕೆಲಸ ಎತ್ತುಗಳದು. ಅಚ್ಚನ್ನೇ ತಿರುಗಿಸಿ ಗಾಡಿ ನಡೆಸುವ ಯಂತ್ರ ಬಂದಾಗ ತೊಡಕು ಶುರುವಾಯಿತು. ಗಡಿಯಾರದ ಕೆಲಸ ಬಲ್ಲ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1820ರ ದಶಕದ ಕೊನೆಯಲ್ಲಿ ಉಗಿಗಾಡಿಯೊಂದಕ್ಕಾಗಿ ಇದಕ್ಕೆ ಪರಿಹಾರ ಕಂಡುಕೊಂಡು ಪೇಟೆಂಟ್ ಪಡೆದ. ಅಚ್ಚನ್ನು ನಡುವೆ ಎರಡು ತುಂಡು ಮಾಡಿ, ನಡುವೆ ಹಲ್ಲಿನ ಚಕ್ರಗಳನ್ನು ಕೂಡಿಸಿದ. ಬಲ ಎರಡೂ ಕಡೆ ಹೋಗುತ್ತದೆ, ಆದರೆ ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗಬಹುದು. ನಾವು ಇಂದು ಡಿಫರೆನ್ಷಿಯಲ್ ಎನ್ನುವುದು ಇದನ್ನೇ. 1877ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಪೆಡಲು ತುಳಿಯುವ ಮೂರು ಗಾಲಿಯ ಸೈಕಲ್ಲಿಗೆ ಇದನ್ನು ಅಳವಡಿಸಿದ. ಕಾರ್ಲ್ ಬೆಂಝ್ 1885ರಲ್ಲಿ ಕಟ್ಟಿ 1886ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲ್ ಗಾಡಿಯಲ್ಲೂ ಇದು ಇತ್ತು. ಇಂದಿಗೂ ಲಾರಿಯ ಹಿಂದಿನ ಅಚ್ಚಿನ ನಡುವೆ ನೀವು ಕಾಣುವ ಆ ಕಬ್ಬಿಣದ ಬುರುಡೆಯೊಳಗೆ ಕೆಲಸ ಮಾಡುವುದು ಇದೇ ತತ್ವ.

ಆದರೆ ಈ ಉಪಕಾರದೊಳಗೇ ಒಂದು ಅಪಕಾರ ಅಡಗಿದೆ. ಸಾಧಾರಣ ಡಿಫರೆನ್ಷಿಯಲ್ ಎರಡೂ ಗಾಲಿಗಳಿಗೆ ಬಲವನ್ನು ಸಮಪಾಲು ಹಂಚುತ್ತದೆ. ಒಂದು ಗಾಲಿ ಕೆಸರಿಗೆ ಬಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಅತ್ಯಲ್ಪ. ಸಮಪಾಲಿನ ನಿಯಮದಂತೆ ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ಅತ್ಯಲ್ಪ ಬಲ ಸಿಗುತ್ತದೆ. ಕೆಸರಿನ ಗಾಲಿ ಗಿರ್ರನೆ ತಿರುಗುತ್ತದೆ, ಗಟ್ಟಿ ನೆಲದ ಗಾಲಿ ಅಲುಗುವುದಿಲ್ಲ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡಾಗ ಇದನ್ನು ನೀವೇ ಕಂಡಿದ್ದೀರಿ. ಆಗ ಹಿಮ್ಮಡಿಯಿಂದ ಒಂದು ಪೆಡಲನ್ನು ಒತ್ತುತ್ತೀರಿ. ಎರಡೂ ಗಾಲಿ ಒಂದಾಗಿ ತಿರುಗಿ ಟ್ರ್ಯಾಕ್ಟರ್ ಮೇಲೆದ್ದು ಬರುತ್ತದೆ. ಅದೇ ಡಿಫ್ ಲಾಕ್. ಅದನ್ನು ಹಾಕಿಕೊಂಡು ತಿರುಗಿಸಬೇಡಿ ಎಂದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಬರೆದಿರುವುದು ಏಕೆಂದು ಕಣದ ಎತ್ತುಗಳನ್ನು ನೆನೆದರೆ ತಿಳಿಯುತ್ತದೆ.

ಇನ್ನು ರಿಕವರಿ ಗಾಡಿಯ ಹುಟ್ಟನ್ನು ನೋಡೋಣ. ಅಮೆರಿಕದ ಟೆನೆಸಿ ರಾಜ್ಯದ ಚಟ್ಟನೂಗ ಎಂಬ ಊರಿನಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವನಿದ್ದ. ಹಳ್ಳಕ್ಕೆ ಬಿದ್ದ ಒಂದು ಕಾರನ್ನು ಹಗ್ಗ, ಮರದ ತುಂಡು, ಆರು ಜನರ ತೋಳುಬಲದಿಂದ ಮೇಲೆತ್ತುವಷ್ಟರಲ್ಲಿ ಅವನು ಹಣ್ಣಾಗಿದ್ದ. ಆ ಮೇಲೆ, 1916ರಲ್ಲಿ, 1913ರ ಕ್ಯಾಡಿಲಾಕ್ ಕಾರೊಂದರ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕಟ್ಟಿ ಮೊದಲ ಎಳೆಯುವ ಗಾಡಿಯನ್ನು ಮಾಡಿದ. ಇಂದು ಆ ಊರಿನಲ್ಲಿ ಈ ಕಸುಬಿನ ಒಂದು ವಸ್ತುಸಂಗ್ರಹಾಲಯವೇ ಇದೆ.

ಹೋಮ್ಸನ ಗಾಡಿಗೆ ಇದ್ದ ಇಕ್ಕಟ್ಟು ಇಂದಿನ ಗಾಡಿಗೂ ಇದೆ. ರಿಕವರಿ ಗಾಡಿ ದಿನದ ಬಹುಪಾಲು ಓಡುವುದು ಟಾರು ರಸ್ತೆಯ ಮೇಲೆ. ಆದರೆ ಅದನ್ನು ಕರೆಯುವುದು ಗಾಡಿ ಚರಂಡಿಗೆ ಇಳಿದಾಗ, ಗದ್ದೆಗೆ ಉರುಳಿದಾಗ, ಕೆಸರಿನ ಅಂಚಿನಲ್ಲಿ ಹೂತಾಗ. ರಸ್ತೆಗೆ ಗಾಲಿಗಳು ಬಿಡಿಯಾಗಿರಬೇಕು, ಕೆಸರಿಗೆ ಕೂಡಿಕೊಂಡಿರಬೇಕು. ಒಂದೇ ಅಚ್ಚು ಎರಡನ್ನೂ ಮಾಡುವುದು ಹೇಗೆ? ಇಪ್ಪತ್ತನೇ ಶತಮಾನದ ಯಂತ್ರಶಿಲ್ಪಿಗಳು ಇದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟರು.

ಮೊದಲ ಉತ್ತರ ರೇಸಿನ ಕಾರಿನಿಂದ ಬಂತು. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಶೆ ರೂಪಿಸಿದ ಆಟೋ ಯೂನಿಯನ್ ರೇಸ್ ಕಾರುಗಳ ಬಲ ಎಷ್ಟಿತ್ತೆಂದರೆ ತಿರುವಿನಿಂದ ಹೊರಬರುವಾಗ ಒಂದು ಗಾಲಿ ಸುಮ್ಮನೆ ಜಾರಿ ತಿರುಗುತ್ತಿತ್ತು. ಜರ್ಮನಿಯ ಜೆಡ್‌ಎಫ್ ಕಂಪನಿ ಅದಕ್ಕಾಗಿ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ಮಾಡಿಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಕ್ಯೂಬೆಲ್‌ವಾಗನ್ ಎಂಬ ಸಣ್ಣ ಗಾಡಿ ಎರಡೇ ಗಾಲಿಯ ಬಲದಲ್ಲಿ ಕೆಸರು ದಾಟುತ್ತಿದ್ದುದು ಈ ಉಪಕರಣದ ನೆರವಿನಿಂದ. 1956ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಇಂಥದನ್ನು ಸಾಮಾನ್ಯ ಕಾರುಗಳಿಗೂ ತಂದಿತು. ಆಮೇಲೆ ಬಂದ ಇಂಥ ಹಲವು ಡಿಫರೆನ್ಷಿಯಲ್‌ಗಳಲ್ಲಿ ಕ್ಲಚ್ಚಿನಂಥ ಪ್ಲೇಟುಗಳಿದ್ದು ಎರಡು ಗಾಲಿಗಳನ್ನು ಅರೆಬರೆ ಹಿಡಿದಿಡುತ್ತವೆ. ಪ್ಲೇಟು ಸವೆಯುತ್ತದೆ, ಅದಕ್ಕೆಂದೇ ಇರುವ ಎಣ್ಣೆ ಬೇಕು. ಹಿಡಿತವೂ ಪೂರ್ತಿ ಇರುವುದಿಲ್ಲ.

ಎರಡನೆಯದು ಹಲ್ಲುಗಳ ಜಾಣ್ಮೆ. ವರ್ನನ್ ಗ್ಲೀಸ್‌ಮನ್ ಎಂಬ ಅಮೆರಿಕದವನು 1958ರಲ್ಲಿ ಪೇಟೆಂಟ್ ಪಡೆದ ಈ ಬಗೆ ಮುಂದೆ ಟಾರ್ಸೆನ್ ಎಂದು ಹೆಸರಾಯಿತು. ಪ್ಲೇಟು ಇಲ್ಲ, ಸವೆತ ಕಡಿಮೆ, ರಸ್ತೆಯ ಮೇಲೆ ಬಹಳ ಮೆದು. ಆದರೆ ಒಂದು ಗಾಲಿ ನೆಲ ಬಿಟ್ಟು ಗಾಳಿಯಲ್ಲಿ ನಿಂತರೆ ಇದು ಹೆಚ್ಚು ನೆರವಾಗದು. ಜಾರುವ ಗಾಲಿಗೆ ಸಿಕ್ಕ ಹಿಡಿತದ ಕೆಲವು ಪಟ್ಟನ್ನು ಇದು ಇನ್ನೊಂದಕ್ಕೆ ಕೊಡುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ?

ಮೂರನೆಯದು ತಾನೇ ಬೀಳುವ ಲಾಕ್. ಇದರಲ್ಲಿ ಎರಡು ಜಾತಿ. ಅಮೆರಿಕದಲ್ಲಿ ನೋಸ್ಪಿನ್, ಡೆಟ್ರಾಯಿಟ್ ಲಾಕರ್ ಎಂದು ಹೆಸರಾದ ಜಾತಿ ನೇರ ದಾರಿಯಲ್ಲಿ ಸದಾ ಲಾಕ್ ಆಗಿಯೇ ಇರುತ್ತದೆ. ತಿರುವಿನಲ್ಲಿ ಮಾತ್ರ ಹೊರಗಾಲಿಯನ್ನು ಬಿಟ್ಟುಕೊಡುತ್ತದೆ. ಆಗ ಎಂಜಿನ್ನಿನ ಬಲವೆಲ್ಲ ಒಳಗಾಲಿಗೆ ಹೋಗಿ, ತಿರುವು ಮುಗಿದಾಗ ಢಣ್ಣೆಂದು ಮತ್ತೆ ಕೂಡಿಕೊಳ್ಳುತ್ತದೆ. ಕೆಸರಿನಲ್ಲಿ ಗಟ್ಟಿಗ, ಒದ್ದೆ ಟಾರಿನ ಮೇಲೆ ಒರಟ. ಇನ್ನೊಂದು ಜಾತಿ ಈಟನ್ ಕಂಪನಿ 1973ರಲ್ಲಿ ತಂದದ್ದು. ಎರಡು ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಮಾತ್ರ ಅದು ಲಾಕ್ ಆಗುತ್ತದೆ. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗ ದಾಟಿದ ಮೇಲೆ ಲಾಕ್ ಬೀಳುವುದೇ ಇಲ್ಲ. ನಮ್ಮ ದೇಶದಲ್ಲಿ 2020ರಲ್ಲಿ ಬಂದ ಮಹೀಂದ್ರ ಥಾರ್ ಗಾಡಿಯಲ್ಲೂ ಈ ಬಗೆಯ ಲಾಕನ್ನು ಕೊಟ್ಟರು.

ನಾಲ್ಕನೆಯದು ಕೇಳಿದಾಗ ಬೀಳುವ ಲಾಕ್, ಅಂದರೆ ಟ್ರ್ಯಾಕ್ಟರಿನ ಪೆಡಲಿನ ಅಣ್ಣತಮ್ಮ. ಕಲ್ಲುಗಣಿಯ ಎಷ್ಟೋ ಟಿಪ್ಪರುಗಳಲ್ಲಿ ಚಾಲಕನ ಮುಂದೆಯೇ ಇದರ ಸ್ವಿಚ್ ಇರುತ್ತದೆ. ಆಸ್ಟ್ರೇಲಿಯದ ಎಆರ್‌ಬಿ ಕಂಪನಿ 1980ರ ದಶಕದ ಕೊನೆಯಿಂದ ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಇಂಥ ಲಾಕುಗಳನ್ನು ಜೀಪಿನಂಥ ಗಾಡಿಗಳಿಗೆ ಮಾರುತ್ತ ಬಂದಿದೆ. ಸ್ವಿಚ್ ಒತ್ತುವ ತನಕ ಅದು ಪೆಕ್ಯೂರನ ಕಾಲದ ಸಾಧು ಡಿಫರೆನ್ಷಿಯಲ್. ಒತ್ತಿದೊಡನೆ ಎರಡೂ ಗಾಲಿ ಒಂದು.

ಈಗ ಆಯ್ಕೆಯ ಮಾತಿಗೆ ಬರೋಣ. ಎತ್ತಿನ ಗಾಡಿಗೆ ಹಿಂಭಾರವಾದರೆ ಏನಾಗುತ್ತದೆ? ನೊಗ ಮೇಲೇಳುತ್ತದೆ. ರಿಕವರಿ ಗಾಡಿಗೂ ಹಾಗೆಯೇ. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಅಂತರವಿದ್ದು, ಹಿಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಆಚೆ ಕೊಕ್ಕೆಗೆ 1000 ಕಿಲೋ ತೂಗಿದರೆ, ಹಿಂದಿನ ಅಚ್ಚಿನ ಮೇಲೆ 1500 ಕಿಲೋ ಏರುತ್ತದೆ, ಮುಂದಿನ ಅಚ್ಚಿನಿಂದ 500 ಕಿಲೋ ಇಳಿಯುತ್ತದೆ. ಗಾಡಿಯನ್ನು ತಿರುಗಿಸಬೇಕಾದದ್ದು ಮುಂದಿನ ಗಾಲಿಗಳು, ಹಗುರವಾದದ್ದೂ ಅವೇ. ಇದರ ಮೇಲೆ ಹಿಂದಿನ ಅಚ್ಚನ್ನು ಬಿಗಿದುಹಾಕಿದರೆ ಆ ಎರಡು ಗಾಲಿಗಳು ಗಾಡಿಯನ್ನು ನೇರಕ್ಕೇ ತಳ್ಳುತ್ತವೆ. ಸ್ಟೀರಿಂಗ್ ತಿರುಗಿದೆ, ಗಾಡಿ ತಿರುಗಿಲ್ಲ. ಘಾಟಿಯ ತಿರುವಿನಲ್ಲಿ ನೇರ ಎಂದರೆ ಪ್ರಪಾತ. ಹಿಂದೆ ಇನ್ನೊಂದು ಗಾಡಿ ತೂಗುತ್ತಿರುವಾಗ ಸರಿಪಡಿಸಿಕೊಳ್ಳಲು ಸಮಯವೂ ಸಿಗುವುದಿಲ್ಲ.

ಇನ್ನೊಂದು ಮಾತನ್ನೂ ಗಮನಿಸಿ. ಭಾರ ತೂಗಿದಾಗ ಹಿಂಗಾಲಿಗಳಿಗೆ ನೆಲದ ಹಿಡಿತ ತಾನಾಗಿ ಹೆಚ್ಚುತ್ತದೆ. ಅಂದರೆ ಟಾರು ರಸ್ತೆಯಲ್ಲಿ ಗಾಡಿ ಎಳೆದುಕೊಂಡು ಹೋಗುವಾಗ ಲಾಕ್ ಬೇಕಾಗುವುದು ಅಪರೂಪ. ಅದು ಬೇಕಾಗುವುದು ಬರಿಗಾಡಿಯಾಗಿ ಕೆಸರಿನ ಅಂಚಿಗೆ ಹಿಂದೆ ಸರಿಯುವಾಗ, ಇಲ್ಲವೇ ಒಂದು ಗಾಲಿ ಟಾರಿನ ಮೇಲೂ ಇನ್ನೊಂದು ಒದ್ದೆ ಮಣ್ಣಿನ ಮೇಲೂ ನಿಂತಾಗ. ಆ ಕೆಲಸ ಕೆಲವೇ ನಿಮಿಷಗಳದು.

ಆದ್ದರಿಂದ ಈ ಚರಿತ್ರೆ ನಮಗೆ ಕೊಡುವ ಸಲಹೆ ಸರಳವಾಗಿದೆ. ನಿಮ್ಮ ಗಾಡಿ ಹೆದ್ದಾರಿ ಬಿಟ್ಟು ಇಳಿಯುವುದೇ ಇಲ್ಲವಾದರೆ ಸಾಧಾರಣ ಡಿಫರೆನ್ಷಿಯಲ್, ಒಳ್ಳೆಯ ಟೈರು, ಗಟ್ಟಿ ವಿಂಚು ಸಾಕು. ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ ಹಗ್ಗದಿಂದ ಎಳೆಯುವುದೇ ಲೇಸು. ಕೆಸರಿನ ಕೆಲಸ ಪದೇಪದೇ ಬರುವುದಾದರೆ ಕೇಳಿದಾಗ ಬೀಳುವ ಲಾಕನ್ನು ಹಾಕಿಸಿ. ನಿಮ್ಮ ಅಚ್ಚಿಗೆ ಅದು ಸಿಗದಿದ್ದರೆ ನಿಧಾನ ವೇಗದಲ್ಲಿ ಮಾತ್ರ ಬೀಳುವ ಬಗೆ ಅಥವಾ ಜಾರುವಿಕೆಗೆ ಮಿತಿ ಹಾಕುವ ಬಗೆ ನೋಡಿ. ಸದಾ ಲಾಕ್ ಆಗಿರುವ ಜಾತಿ ಘಾಟಿ ಹತ್ತಿ ಇಳಿಯುವ ಗಾಡಿಗೆ ಬೇಡ. ಡಿಫರೆನ್ಷಿಯಲ್‌ನ ಹಲ್ಲುಗಳನ್ನೇ ವೆಲ್ಡಿಂಗ್ ಮಾಡಿ ಕೂಡಿಸಿಬಿಡುವ ಅಗ್ಗದ ಉಪಾಯವನ್ನು ಯಾರಾದರೂ ಹೇಳಿದರೆ ಕೈ ಮುಗಿದು ಬನ್ನಿ. ಅದರಲ್ಲಿ ಟೈರು ಸವೆಯುತ್ತದೆ, ಅಚ್ಚು ತಿರುಚಿ ಮುರಿಯುತ್ತದೆ. ಬೇಡವೆಂದಾಗ ಬಿಚ್ಚುವ ದಾರಿಯೂ ಇಲ್ಲ.

ಲಾಕ್ ಹಾಕಿಸಿದವರಿಗೆ ಮೂರು ಎಚ್ಚರಿಕೆಗಳು. ಗಾಲಿ ಗಿರ್ರನೆ ತಿರುಗುತ್ತಿರುವಾಗ ಸ್ವಿಚ್ ಒತ್ತಬೇಡಿ, ಹಲ್ಲು ಮುರಿಯುತ್ತದೆ. ಗಾಡಿ ನಿಲ್ಲಿಸಿ ಒತ್ತಿ, ಆಮೇಲೆ ಮೆಲ್ಲಗೆ ಹೊರಡಿ. ಎರಡನೆಯದು, ಒಂದು ಹಿಂಗಾಲಿಯನ್ನು ಜಾಕಿನ ಮೇಲೆ ಎತ್ತಿಟ್ಟು ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ನೆಲದ ಮೇಲಿನ ಗಾಲಿಗೂ ಬಲ ಹೋಗಿ ಗಾಡಿ ಜಾಕಿನಿಂದ ಹಾರಿ ಬೀಳುತ್ತದೆ. ಕೆಳಗೆ ಮಲಗಿ ಕೆಲಸ ಮಾಡುತ್ತಿರುವ ಹುಡುಗ ಯಾರದೋ ಮನೆಯ ಮಗ ಎಂಬುದು ನೆನಪಿರಲಿ. ಮೂರನೆಯದು, ಟಾರು ಮುಟ್ಟಿದೊಡನೆ ಲಾಕ್ ತೆಗೆಯಿರಿ. ತೆಗೆದದ್ದನ್ನು ದೀಪ ನೋಡಿ ಖಚಿತ ಮಾಡಿಕೊಳ್ಳಿ.

ಹೋಮ್ಸ್ ತನ್ನ ಮೂರು ಕಂಬದ ಗಾಡಿ ಕಟ್ಟಿದ್ದು ಕಷ್ಟಕ್ಕೆ ಸಿಕ್ಕಿದವರನ್ನು ಮೇಲೆತ್ತಲು. ಎತ್ತಲು ಹೋದ ಗಾಡಿಯನ್ನೇ ಎತ್ತಲು ಇನ್ನೊಂದು ಗಾಡಿ ಬರುವಂತಾಗಬಾರದು. ನಿಮ್ಮ ಊರಿನ ಗ್ಯಾರೇಜಿನಲ್ಲಿ ಯಾರಾದರೂ ಹೊಸದಾಗಿ ಈ ಕಸುಬಿಗೆ ಇಳಿಯುತ್ತಿದ್ದರೆ ಈ ಮಾತನ್ನು ಅವರ ಕಿವಿಗೂ ಹಾಕಿ.